ಟಿಕೆಟ್ಟಿನ ಯಂತ್ರವೂ ಹೃದಯದ ಬರಹವೂ

ನಮ್ಮ ಕಳಸದ ಕಡೆ ಎದೆನೋವು ಬಂದವನು ಮೊದಲು ಕುಡಿಯುವುದು ಜೀರಿಗೆ ಕಷಾಯ. ಅದಕ್ಕೂ ಇಳಿಯದಿದ್ದರೆ ಸೋಡಾ. ‘ಗ್ಯಾಸ್ಟ್ರಿಕ್’ ಎಂಬ ಒಂದು ಮಾತು ಎಷ್ಟು ಜನರನ್ನು ಸಮಾಧಾನಪಡಿಸಿಯೇ ಕೊಂದಿದೆಯೋ ಬಲ್ಲವರಾರು! ಅದು ಬರಿಯ ಅಜೀರ್ಣವೋ, ಹೃದಯದ ರಕ್ತನಾಳ ಕಟ್ಟಿಕೊಂಡದ್ದೋ ಎಂಬುದನ್ನು ಮುಖ ನೋಡಿ ಹೇಳುವುದು ನುರಿತ ವೈದ್ಯರಿಗೂ ಸುಲಭವಲ್ಲ. ಕುದುರೆಮುಖದ ದಾರಿಯಲ್ಲಿ ಘಟ್ಟವಿಳಿದು, ನೂರು ಕಿಲೋಮೀಟರಿಗೂ ಮಿಕ್ಕಿದ ಮಂಗಳೂರಿಗೆ ಈ ಮಳೆಯ ರಾತ್ರಿಯಲ್ಲೇ ಹೊರಡಬೇಕೆ ಎಂಬ ನಿರ್ಧಾರವು ಬಹುಮಟ್ಟಿಗೆ ಗೇಣುದ್ದದ ಕಾಗದದ ಮೇಲಿನ ಗೆರೆಗಳನ್ನು ಅವಲಂಬಿಸಿದೆ. ಮೊದಲ ಸಲ ಗೆರೆಗಳು ನೆಟ್ಟಗೆ ಕಂಡರೂ ನೋವು ನಿಲ್ಲದಿದ್ದರೆ ಮತ್ತೆ ತೆಗೆದು ನೋಡಬೇಕು. ಆದುದರಿಂದ ಇ.ಸಿ.ಜಿ. ಯಂತ್ರವು ರೋಗಿಯ ಹತ್ತಿರದಲ್ಲಿರಬೇಕು, ಅದರ ಖರ್ಚು ಕೈಗೆಟುಕಬೇಕು.

ಹುಟ್ಟಿದಾಗ ಅದು ಹಾಗಿರಲಿಲ್ಲ. ಹಾಲೆಂಡಿನ ಲೈಡನ್ ನಗರದ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ಮಿಸಿದ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಮಂದಿ ಬೇಕಿತ್ತು. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಹೊರಲಾಗದ ಆ ಮಹಾನುಭಾವರು 1905ರಲ್ಲಿ ಟೆಲಿಫೋನಿನ ತಂತಿಯ ಮೂಲಕ ಒಂದೂವರೆ ಕಿಲೋಮೀಟರು ದೂರದ ರೋಗಿಯ ಹೃದಯದ ಬಡಿತವನ್ನೇ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಆಮೇಲಿನ ದಶಕಗಳಲ್ಲಿ ಯಂತ್ರ ಕಿರಿದಾಯಿತು, ನಿಜ. ಆದರೆ ನಗರದ ಆಸ್ಪತ್ರೆಯ ಅಭ್ಯಾಸಗಳನ್ನು ಬಿಡಲಿಲ್ಲ. ಅದನ್ನು ಬಿಡಿಸಿದ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಜಿ.ಇ. ಸಂಸ್ಥೆಯ ಅಲ್ಲಿಯ ಎಂಜಿನಿಯರುಗಳು 2008ರ ಸುಮಾರಿಗೆ ‘ಮ್ಯಾಕ್ 400’ ಎಂಬ ಯಂತ್ರವನ್ನು ಹೊರತಂದರು. ಚೀಲದಲ್ಲಿ ಹಿಡಿಯುವ ಗಾತ್ರ, ಬ್ಯಾಟರಿಯ ಬಲ, ಹತ್ತಾರು ಗುಂಡಿಗಳ ಬದಲು ನಾಲ್ಕೇ ಗುಂಡಿ. ಬೆಲೆ ಸಾವಿರ ಡಾಲರಿನ ಆಸುಪಾಸು. ನನಗೆ ಬಹಳ ಮೆಚ್ಚಿಕೆಯಾದದ್ದು ಅದರ ಮುದ್ರಣದ ಭಾಗ. ಅದಕ್ಕಾಗಿ ಅವರು ಹೊಸದೇನನ್ನೂ ಸೃಷ್ಟಿಸಲಿಲ್ಲ. ಬಸ್ಸಿನ ಟಿಕೆಟ್ಟು ಅಚ್ಚುಮಾಡುವ ಯಂತ್ರದಿಂದ ಅದನ್ನು ತೆಗೆದುಕೊಂಡರು. ಧೂಳು, ಕುಲುಕಾಟ, ಒದ್ದೆ ಕೈ ಎಲ್ಲವನ್ನೂ ಸಹಿಸಿ ಟಿಕೆಟ್ಟು ಕೊಡುವ ಯಂತ್ರವನ್ನು ನಮ್ಮ ಘಟ್ಟದ ಬಸ್ಸಿನಲ್ಲಿ ಓಡಾಡಿದವರಾರು ಕಾಣರು? ಆದರೆ ಹಾಗೆ ಕಂಡವರಿಗೆ ಹೃದಯದ ನೆನಪು ಬಂದಿತೆ?

‘ಬಡವರಿಗೆ ಬಡ ಯಂತ್ರ’ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ತೆಗೆದುಹಾಕಿದ್ದು ಆಡಂಬರವನ್ನು, ಹೃದಯದ ಅಲೆಯನ್ನು ಅಳೆಯುವ ಲೆಕ್ಕಾಚಾರವನ್ನು ದೊಡ್ಡ ಯಂತ್ರಗಳಿಂದಲೇ ತಂದರು. ಹಳ್ಳಿಗೆಂದು ಮಾಡಿದ್ದನ್ನು ಯುರೋಪಿನ ವೈದ್ಯರೂ ಕೊಂಡರೆಂಬುದನ್ನು ಈ ಟೀಕಾಕಾರರು ಗಮನಿಸಬೇಕು. ಸಂಸ್ಥೆ ಇದನ್ನು ಧರ್ಮಕ್ಕೆ ಮಾಡಲಿಲ್ಲ, ಮಾರುಕಟ್ಟೆಗಾಗಿ ಮಾಡಿತು. ಆಗಲಿ, ಲಾಭದ ಆಸೆಯೂ ಒಮ್ಮೊಮ್ಮೆ ಘಟ್ಟ ಹತ್ತುತ್ತದೆ.

ಹತ್ತಿದ ಮೇಲೇನು? ಗೆರೆ ಬಿದ್ದರೆ ಸಾಲದು, ಓದುವವರು ಬೇಕು. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಯೋಜನೆ ಕರಾವಳಿ, ಮಲೆನಾಡುಗಳ ಆರೋಗ್ಯಕೇಂದ್ರಗಳಿಗೆ ಯಂತ್ರಗಳನ್ನು ಕೊಟ್ಟು, ವಾಟ್ಸಾಪಿನಲ್ಲಿ ಬಂದ ಗೆರೆಗಳನ್ನು ತಜ್ಞರಿಂದ ಓದಿಸುವ ಏರ್ಪಾಡು ಮಾಡಿತು. ಐಂಥೋವನ್ನರ ಟೆಲಿಫೋನು ತಂತಿಯ ಮರಿಮಗಳೆಂದು ಇದನ್ನು ಕರೆಯಬಹುದು. ಸರ್ಕಾರವೂ 2023ರಲ್ಲಿ ಪುನೀತ್ ರಾಜಕುಮಾರರ ಹೆಸರಿನ ‘ಹೃದಯಜ್ಯೋತಿ’ಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದು, ರಕ್ತದ ಗರಣೆ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಒದಗಿಸಿತು.

ಇಷ್ಟಿದ್ದರೂ ನಾನು ಕಂಡ ಒಂದು ಆಸ್ಪತ್ರೆಯಲ್ಲಿ ಕಾಗದದ ಸುರುಳಿ ಮುಗಿದು ಯಂತ್ರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿತ್ತು. ಬಸ್ಸಿನ ಕಂಡಕ್ಟರು ಸುರುಳಿಯಿಲ್ಲದೆ ಡಿಪೋ ಬಿಡುವುದಿಲ್ಲ. ಆರೋಗ್ಯಕೇಂದ್ರದ ಸುರುಳಿಯ ಲೆಕ್ಕ ಯಾರ ಕೈಯಲ್ಲಿದೆ, ರಾತ್ರಿ ಎರಡು ಗಂಟೆಗೆ ಬೀರುವಿನ ಬೀಗದ ಕೈ ಯಾರ ಮನೆಯಲ್ಲಿದೆ ಎಂಬ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ, ಮಳೆ ಹಿಡಿಯುವುದಕ್ಕೆ ಮೊದಲೇ, ಕೇಳಬೇಕಾಗಿದೆ.