ಹೆರಿಗೆ ಕೊಠಡಿಯ ವೈದ್ಯೆಗೆ ನಿದ್ದೆಯೂ ಬೇಕು, ಅಧಿಕಾರವೂ ಬೇಕು

ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಗೊರೇಬಾಳದಲ್ಲಿ ರಾತ್ರಿ ಹೊತ್ತು ಹೆರಿಗೆ ನೋವು ಶುರುವಾದರೆ ಮನೆಯವರು 108ಕ್ಕೆ ಫೋನ್ ಮಾಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಎಬ್ಬಿಸುತ್ತಾರೆ, ಗಾಡಿ ಸಿಂಧನೂರಿನ ಕಡೆ ಹೊರಡುತ್ತದೆ. ಅಲ್ಲಿ ಆಗುವುದಿಲ್ಲ ಎಂದರೆ ಮುಂದಿನ ದಾರಿ ರಾಯಚೂರಿನ ರಿಮ್ಸ್ ಆಸ್ಪತ್ರೆ, ಇಲ್ಲವೇ ಬಳ್ಳಾರಿ. ಎರಡೂ ಎಂಬತ್ತು-ತೊಂಬತ್ತು ಕಿಲೋಮೀಟರ್ ದೂರ. ಹಾಗಾಗಿ ಈ ಭಾಗದ ಬಸುರಿಯರ ಪಾಲಿಗೆ ಸರ್ಕಾರ ಎಂದರೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ತಜ್ಞೆ. ಆಕೆ ಆ ಹೊತ್ತಿಗೆ ಇದ್ದಾಳೆಯೇ, ಎಚ್ಚರವಾಗಿದ್ದಾಳೆಯೇ, ಆಕೆಯ ಮಾತು ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳ ಮೇಲೆ ಒಂದು ಜೀವ ನಿಂತಿರುತ್ತದೆ, ಬಹಳ ಸಲ ಎರಡು. ತಮ್ಮ ಇಲಾಖೆ ಕಟ್ಟಡ, ಕಿಟ್, ಹಾಸಿಗೆಗಳ ಲೆಕ್ಕ ಇಡುತ್ತದೆ. ಈ ಮೂರು ಪ್ರಶ್ನೆಗಳ ಲೆಕ್ಕವನ್ನೂ ಇಡಬೇಕು ಎಂದು ಕೇಳುವುದಕ್ಕೆ ಈ ಪತ್ರ. ವೈದ್ಯೆಯ ಕ್ಷೇಮ ಮತ್ತು ವೈದ್ಯೆಯ ಅಧಿಕಾರ ಎರಡನ್ನೂ ನೌಕರರ ಬೇಡಿಕೆಯ ಕಡತದಲ್ಲಿ ಇಟ್ಟಿದ್ದೇವೆ. ಅವು ಇರಬೇಕಾದದ್ದು ತಾಯಂದಿರ ಸಾವಿನ ಕಡತದಲ್ಲಿ.

ಮೊದಲು ನಿದ್ದೆಯ ವಿಷಯ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಂಡರೆ ರಕ್ತ ನಿಲ್ಲುತ್ತದೆ, ಬಿಗಿಯದಿದ್ದರೆ ಹರಿಯುತ್ತಲೇ ಇರುತ್ತದೆ. ಆಗ ಒಬ್ಬರು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ತೀಡಬೇಕು, ಇನ್ನೊಬ್ಬರು ಆಕ್ಸಿಟೋಸಿನ್ ಮತ್ತು ಟ್ರಾನೆಕ್ಸಾಮಿಕ್ ಆಸಿಡ್ ಏರಿಸಬೇಕು, ಮಾಸಿನ ಚೂರು ಒಳಗೆ ಉಳಿದಿದೆಯೇ, ಎಲ್ಲಾದರೂ ಹರಿದಿದೆಯೇ ಎಂದು ನೋಡಬೇಕು, ಎಷ್ಟು ರಕ್ತ ಹೋಯಿತೆಂದು ಅಳೆಯಬೇಕು, ರಕ್ತ ತರಿಸಬೇಕು, ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಕೊನೆಯ ಕೆಲಸ ಯಾವ ಯಂತ್ರವೂ ಮಾಡುವಂಥದ್ದಲ್ಲ. ಹಿಂದಿನ ದಿನ ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ಸಿಸೇರಿಯನ್, ಸಂಜೆ ವಾರ್ಡು ಮುಗಿಸಿದ ವೈದ್ಯೆಯೇ ನಡುರಾತ್ರಿ ಈ ತೀರ್ಮಾನವನ್ನೂ ಮಾಡಬೇಕೆಂದರೆ, ಹತ್ತು ನಿಮಿಷದ ವಿಳಂಬ ಆಕೆಯ ಅಸಡ್ಡೆಯಿಂದ ಬರುವುದಿಲ್ಲ, ನಾವು ಬರೆದ ಡ್ಯೂಟಿ ಪಟ್ಟಿಯಿಂದ ಬರುತ್ತದೆ.

2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಮರಣಗಳನ್ನು ತಮ್ಮ ಇಲಾಖೆಯೇ ಪರಿಶೀಲಿಸಿ, ಅವುಗಳಲ್ಲಿ ನೂರಕ್ಕೆ 70ರಷ್ಟನ್ನು ತಪ್ಪಿಸಬಹುದಿತ್ತು ಎಂದು ಹೇಳಿತು. ಇಷ್ಟು ನೇರವಾಗಿ ಒಪ್ಪಿಕೊಂಡದ್ದು ಮೆಚ್ಚಬೇಕಾದ ಮಾತು. 2018–20ರ ಅಂಕಿಗಳ ಪ್ರಕಾರ ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ದಕ್ಷಿಣದಲ್ಲಿ ನಾವೇ ಹಿಂದೆ. ಇದಕ್ಕೆ ಪರಿಹಾರವಾಗಿ, ಹೆರಿಗೆ ಕಡಿಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ತಂದು ಇಬ್ಬರು ಹೆರಿಗೆ ತಜ್ಞರು, ಇಬ್ಬರು ಅರಿವಳಿಕೆ ತಜ್ಞರು, ಇಬ್ಬರು ಮಕ್ಕಳ ತಜ್ಞರು ಇರುವಂತೆ ಮಾಡುವ ಯೋಜನೆ ಹಾಕಿದಿರಿ. ದಿಕ್ಕು ಸರಿ. ಆದರೆ ವಾರಕ್ಕೆ 168 ಗಂಟೆ. ಇಬ್ಬರ ನಡುವೆ ಹಂಚಿದರೆ ಒಬ್ಬೊಬ್ಬರಿಗೆ 84. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ, ಕಲಿಯುತ್ತಿರುವ ರೆಸಿಡೆಂಟ್ ವೈದ್ಯರೂ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಯಬಾರದು, ಒಂದು ದಿನ ರಜೆ ಇರಲೇಬೇಕು ಎಂದಿದೆ. ಆ ಮಿತಿಯೇ ಧಾರಾಳ. ನಮ್ಮ ತಾಲ್ಲೂಕು ಆಸ್ಪತ್ರೆಯ ಲೆಕ್ಕ ಅದನ್ನೂ ದಾಟುತ್ತದೆ. ಅದೂ ಇಬ್ಬರಲ್ಲಿ ಯಾರಿಗೂ ಜ್ವರ ಬರದಿದ್ದರೆ, ಯಾರೂ ಬಸುರಿಯಾಗದಿದ್ದರೆ.

ಬಸುರಿನ ಮಾತು ಬೇಕೆಂದೇ ಎತ್ತಿದೆ. ಕಾನೂನು ಹೆರಿಗೆ ರಜೆ ಕೊಟ್ಟಿದೆ, ರಾಜ್ಯ ಸರ್ಕಾರ 2021ರ ಬಜೆಟ್ಟಿನಲ್ಲಿ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನೂ ಘೋಷಿಸಿತು. ರಜೆ ಇದೆ, ರಜೆಯ ಜಾಗಕ್ಕೆ ಬರುವವರು ಇಲ್ಲ. ಒಬ್ಬಳು ರಜೆಗೆ ಹೋದ ದಿನದಿಂದ ಇನ್ನೊಬ್ಬಳಿಗೆ 168 ಗಂಟೆ. ಹೀಗಾಗಿ ಹೆಂಗಸಿನ ಹಕ್ಕು ಎಂಬುದು ಪಕ್ಕದ ಹೆಂಗಸಿನ ಬೆನ್ನ ಮೇಲಿನ ಹೊರೆಯಾಗಿ ಕಾಣಿಸತೊಡಗುತ್ತದೆ. ಲಕ್ಷಾಂತರ ತಾಯಂದಿರ ಹೆರಿಗೆ ಸುಸೂತ್ರ ಮಾಡಬೇಕಾದ ಇಲಾಖೆ, ತನ್ನದೇ ವೈದ್ಯೆ ಗರ್ಭಿಣಿಯಾದಾಗ ತಬ್ಬಿಬ್ಬಾಗುವುದು ವಿಚಿತ್ರವಲ್ಲವೇ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿವೆ, ಮಸ್ಕಿ ನಡುವೆ. ಮೂರೂ ಕಡೆ ಇಬ್ಬಿಬ್ಬರಂತೆ ಆರು ಜನರನ್ನು ಕೊಟ್ಟು ಪ್ರತ್ಯೇಕವಾಗಿ ಬಿಟ್ಟರೆ ಆರೂ ಜನ 84 ಗಂಟೆಯ ಗಾಣಕ್ಕೇ ಬೀಳುತ್ತಾರೆ. ಅದೇ ಆರು ಜನರನ್ನು ಒಂದು ತಂಡವಾಗಿಸಿ, ಸಿಂಧನೂರು ಮತ್ತು ಲಿಂಗಸುಗೂರಿನಲ್ಲಿ ಹಗಲುರಾತ್ರಿ, ಮಸ್ಕಿಯಲ್ಲಿ ವಾರಕ್ಕೆ 48 ಗಂಟೆ ಹಗಲು ಎಂದು ಹಂಚಿದರೆ ತಲೆಗೆ 64 ಗಂಟೆ ಬರುತ್ತದೆ. ಒಬ್ಬರು ಹೆರಿಗೆ ರಜೆಗೆ ಹೋದರೆ ಉಳಿದವರಿಗೆ 77ರ ಹತ್ತಿರ: ಕಷ್ಟವೇ, ಆದರೂ ಆಸ್ಪತ್ರೆ ಬಾಗಿಲು ಹಾಕುವುದಿಲ್ಲ. ಮಸ್ಕಿಯವರು ಕೇಳುತ್ತಾರೆ, ನಮ್ಮೂರಿಗೆ ರಾತ್ರಿ ಡಾಕ್ಟರ್ ಬೇಡವೇ ಎಂದು. ಕೇಳಲೇಬೇಕು. ತಾಲ್ಲೂಕು ಆಗಲು ಅಷ್ಟು ವರ್ಷ ಕಾದ ಊರು ಅದು. ಮಸ್ಕಿಯಲ್ಲಿ ರಾತ್ರಿಯ ಸಹಜ ಹೆರಿಗೆಗೆ ನುರಿತ ನರ್ಸ್‌ಗಳು ಇರಲಿ, ತೊಡಕಿನ ಸುಳಿವು ಸಿಕ್ಕ ಕೂಡಲೇ ಹೊರಡಲು ಆಸ್ಪತ್ರೆಯ ಅಂಗಳದಲ್ಲೇ ಆಂಬುಲೆನ್ಸ್ ನಿಂತಿರಲಿ, ಮುಂದಿನ ಆಸ್ಪತ್ರೆಯಲ್ಲಿ ಎದ್ದಿರುವ ತಜ್ಞೆಗೆ ಮೊದಲೇ ಫೋನ್ ಹೋಗಲಿ. ಬೋರ್ಡಿನಲ್ಲಿ ಇಪ್ಪತ್ನಾಲ್ಕು ಗಂಟೆ ಎಂದು ಬರೆದು ಒಳಗೆ ಯಾರೂ ಇಲ್ಲದ ಆಸ್ಪತ್ರೆಗಿಂತ ಈ ಏರ್ಪಾಡು ಮಸ್ಕಿಯ ಬಸುರಿಗೆ ಹೆಚ್ಚು ಭದ್ರ. ಆಂಬುಲೆನ್ಸಿನ ಭರವಸೆ ಕೊಡಲಾಗದಿದ್ದರೆ ಮಾತ್ರ ಈ ಯೋಜನೆಯನ್ನು ಕೈಬಿಡಿ.

ಇನ್ನು ಅಧಿಕಾರ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಐವರು ತೀರಿಕೊಂಡರು. ಆ ವರ್ಷ ರಾಯಚೂರು ಜಿಲ್ಲೆಯಿಂದಲೂ ಬಾಣಂತಿಯರ ಸಾವಿನ ಸುದ್ದಿಗಳು ಬಂದವು. ಅನುಮಾನ ಹೋದದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ ಪೂರೈಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ಎಂಬ, ಗ್ಲೂಕೋಸ್‌ನಂತೆ ರಕ್ತನಾಳಕ್ಕೆ ಏರಿಸುವ ದ್ರಾವಣದ ಬಾಟಲಿಯ ಮೇಲೆ. ಆ ಕಂಪನಿಯ ಕೆಲವು ಬ್ಯಾಚ್‌ಗಳ ಗುಣಮಟ್ಟದ ಬಗ್ಗೆ ರಾಜ್ಯದ ಪರೀಕ್ಷೆಯಲ್ಲೇ ಮೊದಲು ಪ್ರಶ್ನೆ ಎದ್ದಿತ್ತು. ಖರೀದಿ ಮಾಡಿದ್ದು ಸರ್ಕಾರದ ಔಷಧ ಖರೀದಿ ನಿಗಮ, ತಕರಾರು ನಡೆದದ್ದು ಪ್ರಯೋಗಾಲಯಗಳ ನಡುವೆ, ಬಾಟಲಿ ನೇತುಹಾಕಿದ್ದು ವಾರ್ಡಿನಲ್ಲಿ, ಬಂಧುಗಳ ಸಿಟ್ಟು ಬಿದ್ದದ್ದೂ ವಾರ್ಡಿನ ಮೇಲೆ. ಚೆನ್ನಾಗಿ ಆಪರೇಷನ್ ಆದ ಹೆಂಗಸಿಗೆ ಮೂತ್ರ ಇಳಿಯುತ್ತಿಲ್ಲ, ಇನ್ನೊಬ್ಬಳಿಗೂ ಹಾಗೇ ಆಗುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಕಾಣುವುದು ಹಾಸಿಗೆಯ ಪಕ್ಕ ನಿಂತವಳಿಗೆ. ಆ ಗಳಿಗೆಯಲ್ಲಿ ಈ ಬ್ಯಾಚ್ ಇನ್ನು ಬೇಡ ಎಂದು ಆಕೆ ಬರೆದರೆ ಆಸ್ಪತ್ರೆಯ ಉಗ್ರಾಣ ಅದನ್ನು ಪಾಲಿಸಬೇಕು, ಕಾರಣ ಕೇಳುವುದೆಲ್ಲ ಆಮೇಲೆ. ನಾನು ನಾಯಕತ್ವ ಎನ್ನುವುದು ಇದಕ್ಕೆ. ಮಹಿಳಾ ದಿನಾಚರಣೆಯಂದು ಶಾಲು ಹೊದಿಸಿ ವೇದಿಕೆ ಹತ್ತಿಸುವುದಕ್ಕಲ್ಲ.

ಸ್ತ್ರೀರೋಗ ವಿಭಾಗದಲ್ಲಿ ಹೆಂಗಸರೇ ಎದ್ದು ಕಾಣುತ್ತಾರಲ್ಲ, ಅಲ್ಲಿ ಯಾವ ನಾಯಕತ್ವ ಕಡಿಮೆಯಾಗಿದೆ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಮೇಲ್ಮಟ್ಟದ ಉದಾಹರಣೆಗಳೂ ಇವೆ. ಬೆಂಗಳೂರಿನ ಡಾ. ಹೇಮಾ ದಿವಾಕರ್ 2013ರಲ್ಲಿ ದೇಶದ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಾಗ್ಸಿಯ ಅಧ್ಯಕ್ಷೆಯಾಗಿದ್ದರು. ನಮ್ಮದೇ ಕಲಬುರಗಿಯ ಬಡ ದಲಿತ ಕುಟುಂಬದಿಂದ ಬಂದ ಡಾ. ವಿಜಯಲಕ್ಷ್ಮಿ ದೇಶಮಾನೆ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ದೊಡ್ಡ ಹೆಸರಾದರು, 2025ರಲ್ಲಿ ಪದ್ಮಶ್ರೀ ಬಂತು. ಇಂಥವರನ್ನು ತೋರಿಸಿ ದಾರಿ ತೆರೆದೇ ಇದೆ ಎನ್ನುವುದು ಸುಲಭ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ನೂರಕ್ಕೆ 70 ಜನ ಹೆಂಗಸರು, ನಿರ್ಧಾರದ ಕುರ್ಚಿಗಳಲ್ಲಿ 25 ಮಾತ್ರ. ತಾಲ್ಲೂಕು ಮಟ್ಟದಲ್ಲಿ ಈ ಅಂತರ ಇನ್ನೊಂದು ರೂಪ ತಾಳುತ್ತದೆ. ಆಡಳಿತ ವೈದ್ಯಾಧಿಕಾರಿಯ ಕೆಲಸ ಎಂದರೆ ಸಭೆ, ಬಿಲ್ಲು, ರಾಜಕಾರಣಿಗಳ ಫೋನು. ರಾತ್ರಿಯೆಲ್ಲ ಹೆರಿಗೆ ಮಾಡಿಸುವವಳಿಗೆ ಅದನ್ನು ಹೊರುವ ಬಿಡುವು ಇಲ್ಲ, ಬಿಡುವು ಇದ್ದವರ ಕೈಗೆ ಡ್ಯೂಟಿ ಪಟ್ಟಿ ಹೋಗುತ್ತದೆ. ಹಾಗಾಗಿ ದೊಡ್ಡ ಕುರ್ಚಿ ಕೊಡುವುದಕ್ಕೆ ಮುಂಚೆ ಸಣ್ಣ ಅಧಿಕಾರಗಳನ್ನು ಹೆರಿಗೆ ವಿಭಾಗಕ್ಕೆ ಇಳಿಸಿ: ಪಟ್ಟಿ ಬರೆಯುವುದು, ಔಷಧ ತಡೆಯುವುದು, ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹೆರಿಗೆ ಕೊಠಡಿಯ ಪಾಲು ಹೇಗೆ ಖರ್ಚಾಗಬೇಕೆಂದು ಹೇಳುವುದು. ಆ ವಿಭಾಗದಲ್ಲಿ ಗಂಡಸು ತಜ್ಞ ಇದ್ದರೆ ಅವನಿಗೂ ಇದೇ ಅಧಿಕಾರ ಇರಲಿ. ಅದರಿಂದ ನನ್ನ ವಾದಕ್ಕೆ ನಷ್ಟವಿಲ್ಲ.

ಭಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯ ಲಾಲ್ಸೋಟ್ ಎಂಬ ಊರಿನಲ್ಲಿ, ಹೆರಿಗೆಯ ನಂತರದ ರಕ್ತಸ್ರಾವದಿಂದ ಒಬ್ಬ ಬಾಣಂತಿ ತೀರಿಕೊಂಡಾಗ ಡಾ. ಅರ್ಚನಾ ಶರ್ಮಾ ಅವರ ಮೇಲೆ ಪೊಲೀಸರು ಕೊಲೆ ಮೊಕದ್ದಮೆ ಹೂಡಿದರು. ಅದರಿಂದ ನೊಂದ ಅವರು ಆತ್ಮಹತ್ಯೆ ಮಾಡಿಕೊಂಡರು. ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯದೆ ವೈದ್ಯರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಮುಂದಾಗಬಾರದು ಎಂದು ಸುಪ್ರೀಂ ಕೋರ್ಟ್ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿ ಆಗಲೇ ಹದಿನಾರು ವರ್ಷ ದಾಟಿತ್ತು. ಹೀಗೆ ಹೆದರಿದ ವೈದ್ಯೆ ಏನು ಮಾಡುತ್ತಾಳೆ? ರೆಫರ್ ಚೀಟಿ ಬರೆಯುತ್ತಾಳೆ. ತೊಡಕಿನ ಕೇಸನ್ನು ಮುಟ್ಟದೆ ರಾಯಚೂರಿಗೆ ಕಳಿಸುತ್ತಾಳೆ, ಸಾವು ಮಾನ್ವಿಯ ದಾರಿಯಲ್ಲಿ ಆಗುತ್ತದೆ, ಆಸ್ಪತ್ರೆಯ ಪುಸ್ತಕ ಸ್ವಚ್ಛವಾಗಿರುತ್ತದೆ. ಬಾಣಂತಿಯ ಮನೆಯವರಿಗೆ ಉತ್ತರ ಸಿಗಬೇಕು, ಅಸಡ್ಡೆ ಇದ್ದಲ್ಲಿ ಶಿಕ್ಷೆಯೂ ಆಗಬೇಕು. ಆದರೆ ತಾಯಿ ಮರಣದ ಪರಿಶೀಲನಾ ಸಭೆ ಆರೋಪಿಯನ್ನು ಹುಡುಕುವ ಸಭೆಯಾದರೆ ಅಲ್ಲಿ ಯಾರೂ ನಿಜ ಹೇಳುವುದಿಲ್ಲ, ನಿಜ ಹೊರಬರದಿದ್ದರೆ ಮುಂದಿನ ಸಾವು ತಪ್ಪುವುದಿಲ್ಲ.

ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ 2024ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘ ನಡೆಸಿದ ಸಮೀಕ್ಷೆಗೆ 3,885 ವೈದ್ಯರು ಉತ್ತರಿಸಿದರು. ರಾತ್ರಿ ಪಾಳಿಯಲ್ಲಿ ವಿಶ್ರಾಂತಿಗೆ ಕೋಣೆಯೇ ಇಲ್ಲ ಎಂದವರು ನೂರಕ್ಕೆ 45. ಒಂದು ಮಂಚ, ಒಳಗಿನಿಂದ ಹಾಕುವ ಚಿಲಕ, ಹೊಂದಿಕೊಂಡ ಬಚ್ಚಲು: ಇದಕ್ಕೆ ವಿಶ್ವಬ್ಯಾಂಕಿನ ಸಾಲ ಬೇಡ. ಈ ಮೂರು ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಅದು ಇದೆಯೇ ಎಂದು ಒಬ್ಬ ಎಂಜಿನಿಯರನ್ನು ಕಳಿಸಿ ನೋಡಿಸಿ.

ನನ್ನ ಊರಿನವರದ್ದೇ ಒಂದು ಆಕ್ಷೇಪ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸರ್ಕಾರಿ ಡಾಕ್ಟರುಗಳು ಖಾಸಗಿ ಕ್ಲಿನಿಕ್ಕಿನಲ್ಲಿ ಸಿಗುತ್ತಾರೆ, ದವಾಖಾನೆಯಲ್ಲಿ ಸಿಗುವುದಿಲ್ಲ, ಇವರಿಗೆಂಥ ದಣಿವು ಎನ್ನುತ್ತಾರೆ ಜನ. ಅಂಥವರು ಇದ್ದಾರೆ. ಆದರೆ ಇಪ್ಪತ್ನಾಲ್ಕು ಗಂಟೆಯೂ ಡ್ಯೂಟಿ ಎಂದು ಬರೆದಿರುವ ಕಡೆ ಯಾರು ಕಳ್ಳ, ಯಾರು ದುಡಿದು ಸುಸ್ತಾದವರು ಎಂದು ಹೇಗೆ ತಿಳಿಯುತ್ತದೆ? ಪಾಳಿಯ ಪಟ್ಟಿಯನ್ನು ಹೆಸರು ಮತ್ತು ಸಮಯದ ಸಮೇತ ಹೆರಿಗೆ ವಾರ್ಡಿನ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಿ. ತನ್ನ ಪಾಳಿಯಲ್ಲಿ ಇಲ್ಲದವರನ್ನು ಜನರೇ ಹಿಡಿಯುತ್ತಾರೆ, ಪಾಳಿ ಮುಗಿಸಿ ಮನೆಗೆ ಹೋದವಳನ್ನು ಯಾರೂ ಬೈಯುವುದಿಲ್ಲ.

ಮತ್ತೊಂದು ಉತ್ತರ ನಿಮ್ಮ ಕಚೇರಿಯಲ್ಲಿ ಸಿದ್ಧವಾಗಿರುತ್ತದೆ: ಈ ಕಡೆಗೆ ತಜ್ಞರು ಬರುವುದೇ ಇಲ್ಲ. ಕೊರತೆ ನಿಜ. ಕೇಂದ್ರದ 2021–22ರ ಅಂಕಿಗಳಂತೆ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ಹೆರಿಗೆ ತಜ್ಞರಲ್ಲಿ ನೂರಕ್ಕೆ 74 ಜನ ಇರಲೇ ಇಲ್ಲ. ಆದರೆ ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು ಮೀಸಲು ಸಿಕ್ಕಿದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಓದುತ್ತಿದ್ದಾರೆ, ಎಂ.ಎಸ್. ಮಾಡುತ್ತಿದ್ದಾರೆ. ಓದಿದವರು ಇಲ್ಲಿ ನಿಲ್ಲದಿದ್ದರೆ ಊರಿನ ಬಿಸಿಲನ್ನು ದೂರಿ ಫಲವಿಲ್ಲ, ಬಿಸಿಲು ಅವರಿಗೆ ಹೊಸದಲ್ಲ. ವಾರಕ್ಕೆ 84 ಗಂಟೆ, ಚಿಲಕವಿಲ್ಲದ ಕೋಣೆ, ಮಾತು ನಡೆಯದ ಆಸ್ಪತ್ರೆ, ಸಾವಾದರೆ ಬಾಗಿಲಿಗೆ ಪೊಲೀಸು: ಇದನ್ನು ನೋಡಿ ಹೆದರುವವಳು ಸೋಮಾರಿಯಲ್ಲ, ಲೆಕ್ಕ ಬಲ್ಲವಳು.

ಕೇಳುವುದು ಇಷ್ಟು. ಔಷಧದ ಬ್ಯಾಚ್ ತಡೆಯುವ ಅಧಿಕಾರ ಮತ್ತು ಪಾಳಿ ಪಟ್ಟಿಯ ಅಧಿಕಾರವನ್ನು ಹೆರಿಗೆ ವಿಭಾಗದ ಮುಖ್ಯಸ್ಥೆಗೆ ಕೊಡುವುದಕ್ಕೆ ಒಂದು ಸುತ್ತೋಲೆ ಸಾಕು, ಬಜೆಟ್ ಬೇಡ. ಮೂರು ತಾಲ್ಲೂಕುಗಳ ತಂಡ, ರಜೆಗೆ ಬದಲಿ ತಜ್ಞೆ, ಮಸ್ಕಿಯ ಆಂಬುಲೆನ್ಸ್, ಇವುಗಳಿಗೆ ಹಣ ಬೇಕು; ಒಂದು ವರ್ಷ ಇಲ್ಲಿ ನಡೆಸಿ, ರೆಫರ್ ಆದವರ ಸಂಖ್ಯೆ ಮತ್ತು ತಾಯಂದಿರ ಸಾವಿನ ಸಂಖ್ಯೆ ಎರಡನ್ನೂ ಪ್ರಕಟಿಸಿ. ಸುತ್ತೋಲೆ ಯಾವಾಗ ಹೊರಡುತ್ತದೆ, ಹೊರಡದಿದ್ದರೆ ಯಾಕೆ ಎಂದು ತಮ್ಮಿಂದ ಬರಹದಲ್ಲಿ ಉತ್ತರ ಬಯಸುತ್ತೇನೆ.

ತಮ್ಮ ವಿಶ್ವಾಸಿ,
ಗೊರೇಬಾಳದ ಒಬ್ಬ ನಾಗರಿಕ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ