ನಮ್ಮವ್ವನ ಉಚ್ಚೆಗೂ ಒಂದು ಲ್ಯಾಬ್ ಬೇಕು

ಹೋದ ವರ್ಷ ನಮ್ಮ ವಾರ್ಡಿನ ಪೌರಕಾರ್ಮಿಕರಿಗೆ ಒಂದು ಆರೋಗ್ಯ ಶಿಬಿರ ಮಾಡಿದ್ರು. ಶಾಮಿಯಾನ, ಬ್ಯಾನರು, ಹಾರ, ಭಾಷಣ ಎಲ್ಲ ಇತ್ತು. ನಮ್ಮವ್ವನ ಕೈಗೆ ಒಂದು ಡಬ್ಬಿ ಕೊಟ್ಟು "ಯೂರಿನ್ ತಗೊಂಡ್ ಬಾಮ್ಮ" ಅಂದ್ರು. ಅವ್ವ ಡಬ್ಬಿ ಹಿಡ್ಕೊಂಡು ಸುತ್ತ ನೋಡಿ ಕೇಳಿದ್ಲು: "ಎಲ್ಲಿಗೆ ಹೋಗ್ಲಪ್ಪ?"

ಉತ್ತರ ಕೊಡೋರು ಯಾರೂ ಇರಲಿಲ್ಲ. ಅಲ್ಲಿ ಶೌಚಾಲಯವೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ರಸ್ತೆ ಗುಡಿಸ್ತಿರೋ ಹೆಂಗಸಿಗೆ ಆ ರಸ್ತೇಲಿ ಉಚ್ಚೆ ಹೊಯ್ಯೋಕೆ ಜಾಗ ಇಲ್ಲ. ಕಟ್ತಾ ಇದ್ದ ಒಂದು ಮನೆಯ ಹಿಂದೆ ಹೋಗಿ, ಇನ್ನೊಬ್ಬಳು ಸೀರೆ ಅಡ್ಡ ಹಿಡಿದು, ಹೇಗೋ ತಂದುಕೊಟ್ಲು. ಅದಕ್ಕೊಂದು ಕಾಗದದ ಪಟ್ಟಿ ಅದ್ದಿ, ಸಕ್ಕರೆ ಇಲ್ಲ, ಪ್ರೋಟೀನ್ ಇಲ್ಲ, "ನಾರ್ಮಲ್" ಅಂತ ಬರೆದು, ಒಂದು ಬಿಸ್ಕತ್ ಪ್ಯಾಕೆಟ್ ಕೊಟ್ಟು ಫೋಟೋ ತೆಗೆಸಿಕೊಂಡ್ರು.

ನನ್ನ ಜಗಳ ಇರೋದು ಆ "ನಾರ್ಮಲ್" ಅನ್ನೋ ಪದದ ಜೊತೆ.

ದಿನಾ ಪ್ಲಾಸ್ಟಿಕ್ ಕಸದೊಳಗೆ ಕೈಯಿಟ್ಟವಳ ಮೈಯೊಳಗೆ ಆ ಪ್ಲಾಸ್ಟಿಕ್ಕಿನದ್ದು ಎಷ್ಟು ಸೇರಿದೆ? ಆ ಕಾಗದದ ಪಟ್ಟಿಗೆ ಗೊತ್ತಾಗಲ್ಲ. ಆದ್ರೆ ಗೊತ್ತು ಮಾಡ್ಕೊಳೋ ವಿಜ್ಞಾನ ಇದೆ, ಅದಕ್ಕೂ ಬೇಕಿರೋದು ಅದೇ ಒಂದು ಡಬ್ಬಿ ಉಚ್ಚೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಪಿವಿಸಿ ಅನ್ನೋ ಪ್ಲಾಸ್ಟಿಕ್ ಹುಟ್ಟಾ ಗಟ್ಟಿ. ಅದು ಬಗ್ಗಬೇಕು, ಬಳುಕಬೇಕು ಅಂದ್ರೆ ಥಾಲೇಟ್ ಅನ್ನೋ ಎಣ್ಣೆಯಂಥ ರಾಸಾಯನಿಕ ಬೆರೆಸ್ತಾರೆ. ಇದಕ್ಕೆ ಪ್ಲಾಸ್ಟಿಸೈಜರ್ ಅಂತಾರೆ. ವೈರಿನ ಸಿಪ್ಪೆ, ರೆಕ್ಸಿನ್, ಮೆತ್ತನೆ ಪೈಪು, ಆಸ್ಪತ್ರೆಯ ರಕ್ತದ ಚೀಲ ಇವುಗಳಲ್ಲಿ ತೂಕದ ಮೂರನೇ ಒಂದು ಪಾಲು ಇದೇ ಇರೋದುಂಟು. ಇದು ಪ್ಲಾಸ್ಟಿಕ್ಕಿನ ಜೊತೆ ಬೆಸೆದುಕೊಂಡಿರಲ್ಲ. ಬಿಸಿ ತಾಗಿದ್ರೆ, ಎಣ್ಣೆ ತಾಗಿದ್ರೆ, ಹಳೇದಾದ್ರೆ ಹೊರಗೆ ಜಿನುಗುತ್ತೆ. (ಹೋಟೆಲಿನವರು ಸಾಂಬಾರ್ ಕಟ್ಟಿಕೊಡೋ ತೆಳು ಕವರು ಪಾಲಿಥೀನು, ಅದನ್ನ ಮೆತ್ತಗೆ ಮಾಡೋಕೆ ಥಾಲೇಟ್ ಬೇಕಿಲ್ಲ. ಎಲ್ಲ ಪ್ಲಾಸ್ಟಿಕ್ಕನ್ನೂ ಒಂದೇ ಗಂಟು ಕಟ್ಟಿ ಹೆದರಿಸೋ ವಾಟ್ಸಾಪ್ ಮೆಸೇಜುಗಳನ್ನ ನಮ್ಮೋರು ಹಂಚಬೇಡಿ. ನಮ್ಮ ವಾದ ಸುಳ್ಳಿನ ಮೇಲೆ ನಿಲ್ಲೋದು ಬೇಡ.) ಇವುಗಳಲ್ಲಿ ಡಿಇಎಚ್‌ಪಿ ಅನ್ನೋದನ್ನ ಯೂರೋಪಿನ ಕಾನೂನು ಸಂತಾನಶಕ್ತಿಗೆ ಹಾನಿ ಮಾಡೋ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಮೈಯೊಳಗೆ ಹೋದ ಥಾಲೇಟು ಒಡೆದು ತುಣುಕಾಗಿ ಉಚ್ಚೇಲಿ ಹೊರಗೆ ಬರುತ್ತೆ. ಲ್ಯಾಬಿನೋರು ಹುಡುಕೋದು ಈ ತುಣುಕುಗಳನ್ನ. ಯಾಕಂದ್ರೆ ಥಾಲೇಟು ಲ್ಯಾಬಿನ ಧೂಳಲ್ಲಿ, ಟ್ಯೂಬಲ್ಲಿ ಎಲ್ಲಾ ಕಡೆ ಇರುತ್ತೆ, ಮಾದರಿಗೆ ಅಲ್ಲೇ ಬೆರೆತುಬಿಡಬಹುದು. ಆದ್ರೆ ಕೆಲವು ತುಣುಕುಗಳು ದೇಹದ ಒಳಗೆ ಹೋಗಿ ಬಂದರಷ್ಟೇ ಹುಟ್ಟೋದು. ಅಂದ್ರೆ ಅದು ಸಾಕ್ಷಿ. ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲನ್ನೂ ಹಿಡಿಯೋ ಯಂತ್ರಗಳಿವೆ.

ಅಮೆರಿಕದ ಸಿಡಿಸಿ ಅನ್ನೋ ಸರ್ಕಾರಿ ಸಂಸ್ಥೆ ತನ್ನ ಜನರ ರಕ್ತ, ಮೂತ್ರದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅಂತ 2001ರಲ್ಲೇ ಮೊದಲ ವರದಿ ಹೊರಗೆ ತಂತು. ಥಾಲೇಟಿನ ಲೆಕ್ಕ ಅದರಲ್ಲೇ ಇತ್ತು. ಯೂರೋಪಿನ ದೇಶಗಳು 2017ರಿಂದ 2022ರವರೆಗೆ ಒಟ್ಟಾಗಿ ಈ ಕೆಲಸ ಮಾಡಿದ್ವು. ನಮ್ಮಲ್ಲಿ? ಇಡೀ ದೇಶಕ್ಕೆ, ವರ್ಷ ವರ್ಷ ನಡೆಯೋ ಅಂಥ ಅಳತೆ ಇಲ್ಲ. ಆಗಲ್ಲ ಅಂತಲ್ಲ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಅಯೋಡಿನ್ ನೋಡೋಕೆ ಮಕ್ಕಳ ಮೂತ್ರ ತಗೊಂಡಿದ್ದಾರೆ. ರಕ್ತಹೀನತೆ ನೋಡೋಕೆ ನಮ್ಮ ಕೇರಿಗೂ ಬಂದು ಬೆರಳು ಚುಚ್ಚಿಕೊಂಡು ಹೋಗ್ತಾರೆ. ದಾರಿ ಗೊತ್ತು, ಡಬ್ಬಿ ಗೊತ್ತು, ಮನಸ್ಸಿಲ್ಲ.

ದನದ ಉಚ್ಚೆಗೆ ಮಾತ್ರ ಮನಸ್ಸಿದೆ. 2020ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ದೇಸಿ ಹಸುವಿನ ಉತ್ಪನ್ನಗಳ ಸಂಶೋಧನೆಗೆ ಅಂತ 'ಸೂತ್ರ-ಪಿಕ್' ಅನ್ನೋ ಕಾರ್ಯಕ್ರಮವನ್ನೇ ಹೊರಡಿಸ್ತು. ಗಂಜಲಕ್ಕೆ ಸಂಶೋಧನೆ, ನಮ್ಮವ್ವನ ಉಚ್ಚೆಗೆ ಕಾಗದದ ಪಟ್ಟಿ. ನಾನು ಹಸುವಿನ ಮೇಲೆ ಕೋಪ ಮಾಡ್ಕೊಳಲ್ಲ ಸ್ವಾಮಿ, ಅದಕ್ಕೇನು ಗೊತ್ತು ಪಾಪ.

ನಮ್ಮ ಕೆಲವು ಪರಿಸರಪ್ರೇಮಿ ಗೆಳೆಯರ ಜೊತೆಗೂ ಒಂದು ಮಾತಿದೆ. ಅವರು ಯಾವಾಗಲೂ ಹೇಳೋ ಅಧ್ಯಯನ ಒಂದಿದೆ, 2011ರದ್ದು. ಕ್ಯಾಲಿಫೋರ್ನಿಯಾದ ಐದು ಕುಟುಂಬಗಳ 20 ಜನ ಮೂರು ದಿನ ಪ್ಯಾಕೆಟ್ ಬಿಟ್ಟು ತಾಜಾ ಊಟ ಮಾಡಿದಾಗ ಮೂತ್ರದಲ್ಲಿ ಡಿಇಎಚ್‌ಪಿ ತುಣುಕುಗಳು ಅರ್ಧಕ್ಕೂ ಹೆಚ್ಚು ಇಳಿದವು. ಒಳ್ಳೇದು. ಅದಕ್ಕೇ "ಸ್ಟೀಲ್ ಡಬ್ಬಿ ಬಳಸಿ, ಆರ್ಗ್ಯಾನಿಕ್ ತಿನ್ನಿ" ಅಂತ ಉಪದೇಶ. ನಾಯಂಡಹಳ್ಳಿ ಕಡೆಯ ಶೆಡ್ಡಿನಲ್ಲಿ ಪ್ಲಾಸ್ಟಿಕ್ ವಿಂಗಡಿಸೋ ಹುಡುಗಿ, ತಾಮ್ರಕ್ಕೋಸ್ಕರ ವೈರಿನ ಸಿಪ್ಪೆ ಸುಲಿಯೋ, ಸುಡೋ ಹುಡುಗ ಯಾವ ಡಬ್ಬಿ ಬದಲಾಯಿಸಬೇಕು? ಅವರಿಗೆ ಪ್ಲಾಸ್ಟಿಕ್ ತಟ್ಟೇಲಿಲ್ಲ, ಕೂಲೀಲಿದೆ.

ನನಗೆ ಇಷ್ಟವಾಗಿದ್ದು ಇನ್ನೊಂದು ಅಧ್ಯಯನ, 2016ರಲ್ಲಿ ಬಂದಿದ್ದು. ಕ್ಯಾಲಿಫೋರ್ನಿಯಾದ ಸಲೀನಾಸ್ ಅನ್ನೋ ಕಡೆ, ಹೊಲದ ಕೂಲಿಗಳೇ ತುಂಬಿರೋ ಊರು. ಅಲ್ಲಿ ಲ್ಯಾಟಿನೋ ಸಮುದಾಯದ 100 ಹುಡುಗಿಯರು ಮೂರು ದಿನ ಬೇರೆ ಶಾಂಪೂ, ಕ್ರೀಮು ಬಳಸಿ ಮೂತ್ರ ಕೊಟ್ರು. ಸುಗಂಧದಲ್ಲಿ ಬೆರೆಸೋ ಒಂದು ಥಾಲೇಟಿನ ತುಣುಕು ನೂರಕ್ಕೆ 27ರಷ್ಟು ಇಳೀತು. ಇಷ್ಟವಾಗಿದ್ದು ಆ ಸಂಖ್ಯೆ ಅಲ್ಲ. ಅಧ್ಯಯನ ಕಟ್ಟಿದ್ದು, ಮಾದರಿ ಸಂಗ್ರಹಿಸಿದ್ದು ಅದೇ ಊರಿನ ಹುಡುಗ ಹುಡುಗಿಯರು, ವಿಜ್ಞಾನಿಗಳ ಜೊತೆ ಕೂತು. ಮಾದರಿ ಕೊಡೋರೂ ಅವರೇ, ಪ್ರಶ್ನೆ ಕೇಳೋರೂ ಅವರೇ.

ಥಾಲೇಟು ಒಂದೆರಡು ದಿನದಲ್ಲಿ ಮೈಯಿಂದ ಹೋಗಿಬಿಡುತ್ತೆ, ಒಂದು ದಿನದ ಉಚ್ಚೆ ನೋಡಿ ಏನು ಹೇಳೋಕಾಗುತ್ತೆ ಅಂತ ಒಬ್ಬ ಡಾಕ್ಟ್ರು ನನ್ನನ್ನ ಕೇಳಿದ್ರು. ಸರಿಯಾದ ಪ್ರಶ್ನೆ. ಬೇಗ ಹೋಗಿಬಿಡುತ್ತೆ ಅನ್ನೋದೇ ನಮ್ಮ ಕೈಗೆ ಸಿಕ್ಕ ಆಯುಧ ಸಾರ್. ಕೆಲಸಕ್ಕೆ ಮುಂಚೆ ಒಂದು ಡಬ್ಬಿ, ಕೆಲಸ ಮುಗಿದ ಮೇಲೆ ಒಂದು ಡಬ್ಬಿ, ರಜದ ಮಾರನೇ ದಿನ ಒಂದು. ದಿನಗಟ್ಟಲೆ ಹೀಗೇ ತಗೊಂಡು ನೋಡಿ. ಏರೋದು ಇಳಿಯೋದು ಕೆಲಸದ ಗಡಿಯಾರದ ಜೊತೆ ಹೆಜ್ಜೆ ಹಾಕಿದ್ರೆ ಎಲ್ಲಿಂದ ಬಂತು ಅಂತ ಯಾರೂ ವಾದ ಮಾಡೋ ಹಾಗಿಲ್ಲ. ಅದೇ ವಾರ್ಡಿನ ಎಂಜಿನಿಯರ್ ಸಾಹೇಬರ ಉಚ್ಚೆನೂ ಪಕ್ಕದಲ್ಲಿಡಿ. "ನಾರ್ಮಲ್" ಯಾರ ಮೈಯಿಂದ ಅಳೆದದ್ದು ಅಂತ ಆಗ ಮಾತಾಡೋಣ.

ಅಳೆಯೋಕೂ ನಮ್ಮ ಬದುಕು ಗೊತ್ತಿರಬೇಕು. ಶೌಚಾಲಯ ಇಲ್ಲ ಅಂತ ನಮ್ಮ ಹೆಂಗಸರು ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಉಚ್ಚೆ ಗಟ್ಟಿಯಾಗುತ್ತೆ, ಅದರಲ್ಲಿರೋ ಎಲ್ಲದರ ಪ್ರಮಾಣವೂ ಜಾಸ್ತಿ ಕಾಣುತ್ತೆ. ಇದನ್ನ ಸರಿದೂಗಿಸೋಕೆ ಲ್ಯಾಬಿನೋರು ಕ್ರಿಯಾಟಿನಿನ್ ಅನ್ನೋದರಿಂದ ಭಾಗಿಸ್ತಾರೆ. ಅದು ಮಾಂಸಖಂಡದಿಂದ ಬರೋದು. ಅರೆಹೊಟ್ಟೆಯಲ್ಲಿ ಬೆಳೆದು ಮೈಯಲ್ಲಿ ಮಾಂಸವೇ ಇಲ್ಲದವಳಿಗೆ ಅದೇ ಕಮ್ಮಿ, ಲೆಕ್ಕ ಮತ್ತೆ ತಪ್ಪುತ್ತೆ. ಒಂದು ಭಾಗಾಕಾರದೊಳಗೆ ಕಕ್ಕಸೂ ಹಸಿವೂ ಬಂದು ಕೂತಿವೆ ನೋಡಿ. ಇದನ್ನ ಬಲ್ಲವರು ಆ ಮೇಜಿನ ಹತ್ರ ಇರಬೇಕೋ ಬೇಡವೋ?

ಇನ್ನು ಕೈಗವಸು. ಜಪಾನು 2000ದಲ್ಲೇ ಆಹಾರ ಮುಟ್ಟೋ ಪಿವಿಸಿ ಕೈಗವಸಿನಲ್ಲಿ ಡಿಇಎಚ್‌ಪಿ ಇರಕೂಡದು ಅಂದ್ತು, ಅದು ಗ್ರಾಹಕರ ಊಟಕ್ಕೆ ಇಳೀತಿತ್ತು ಅಂತ. ನಮ್ಮೋರಿಗೆ ಕೊಡೋ ಗ್ಲೌಸು, ಗಮ್‌ಬೂಟು ಯಾವುದರದ್ದು, ಅದರಲ್ಲೇನಿದೆ? ಟೆಂಡರಿನ ಕಾಗದದಲ್ಲಿ ಅದನ್ನ ಬರೆಸಿ ಅಂತ ನಾನು ಕೇಳಿದ್ದಕ್ಕೆ "ಮೊದಲು ಹಾಕ್ಕೊಳೋದು ಕಲೀರಿ" ಅಂದ್ರು.

ಸಂಘದ ಸಂಗಾತಿಗಳೇ ಬೈದ್ರು: ಖಾಯಮಾತಿ, ಪಿಎಫ್ ಬಿಟ್ಟು ಉಚ್ಚೆ ಹಿಡ್ಕೊಂಡಿದ್ದೀಯಲ್ಲೋ ಅಂತ. ಬಿಟ್ಟಿಲ್ಲ ಅಣ್ಣ. ಅವರ ಇನ್ನೊಂದು ಭಯ ನಿಜವಾದದ್ದು: ಫಲಿತಾಂಶ ಹಿಡ್ಕೊಂಡು ಗುತ್ತಿಗೆದಾರ "ನೀನು ಅನ್‌ಫಿಟ್" ಅಂತ ಮನೆಗೆ ಕಳಿಸಿದ್ರೆ? ಅದಕ್ಕೇ ಹೆಸರಿರೋ ಕಾಗದ ಕಾರ್ಮಿಕರ ಕೈಗೆ ಮಾತ್ರ, ಅವರಾಡೋ ಭಾಷೇಲಿ. ಗುತ್ತಿಗೆದಾರನಿಗೂ ಪಾಲಿಕೆಗೂ ಒಟ್ಟು ಲೆಕ್ಕ ಮಾತ್ರ. ಮತ್ತೆ ಯಾರಿಗೂ ಸುಳ್ಳು ಹೇಳಬಾರದು: ಈ ಪರೀಕ್ಷೆ ರೋಗ ಹೇಳಲ್ಲ, ಮೈಯೊಳಗೆ ಎಷ್ಟು ಹೋಯ್ತು ಅಂತ ಹೇಳುತ್ತೆ ಅಷ್ಟೇ. ಔಷಧಿ ಇಲ್ಲ, ಇರೋ ಮದ್ದು ಕೆಲಸದ ಜಾಗ ಬದಲಾಗೋದೊಂದೇ.

ಬೇಡಿಕೆ ಪತ್ರ ಬರೀತಾ ಅವ್ವನಿಗೆ ಓದಿ ಹೇಳಿದೆ. ಮೂರು ಡಬ್ಬಿ ಅಂದಾಗ ನಕ್ಕಳು. "ಮೊದ್ಲು ಕಕ್ಕಸು ಕಟ್ಟಿಸ್ಲಿ ಕಣೋ. ಆಮೇಲೆ ಕೊಡ ತಂದ್ರೂ ತುಂಬಿಸ್ಕೊಡ್ತೀನಿ" ಅಂದ್ಲು. ಕಕ್ಕಸು ಮೂರನೇ ಬೇಡಿಕೆಯಾಗಿತ್ತು, ಮೊದಲನೇದು ಮಾಡಿದ್ದೀನಿ. ಸಹಿ ಹಾಕೋರು ಇನ್‌ಬಾಕ್ಸಿಗೆ ಬನ್ನಿ.

ಜೈಭೀಮ್.