ಅರವತ್ತಕ್ಕೆ ಆಸ್ಕರ್, ಮೂವತ್ತಕ್ಕೇ ‘ಗ್ಯಾಪ್’ ಪ್ರಶ್ನೆ

2023ರಲ್ಲಿ ಮಿಶೆಲ್ ಯೋ 60ನೇ ವಯಸ್ಸಿನಲ್ಲಿ ಅತ್ಯುತ್ತಮ ನಟಿ ಆಸ್ಕರ್ ಗೆದ್ದಾಗ ಎಲ್ಲರೂ ಛಲದ ಪಾಠ ಹೇಳಿದರು. ನನಗೆ ಕಂಡದ್ದು ಬೇರೆ.

ಮಲೇಷ್ಯಾದ ಇಪೋದಲ್ಲಿ ಹುಟ್ಟಿದ ಅವರ ಬ್ಯಾಲೆ ಕನಸು ಬೆನ್ನುನೋವಿಗೆ ಮುರಿಯಿತು. ಹಾಂಗ್‌ಕಾಂಗ್‌ನಲ್ಲಿ ಸಾಹಸ ಚಿತ್ರಗಳ ನಾಯಕಿಯಾದರು. 1988ರಲ್ಲಿ ಮದುವೆಯಾಗಿ ನಟನೆ ಬಿಟ್ಟರು. 1992ರಲ್ಲಿ ‘ಪೊಲೀಸ್ ಸ್ಟೋರಿ 3’ ಮೂಲಕ ಮರಳಿ, ಓಡುವ ರೈಲಿನ ಮೇಲಕ್ಕೆ ತಾವೇ ಬೈಕ್ ಹಾರಿಸಿದರು. ವಿರಾಮ ಅವರ ಕೌಶಲ ಕಸಿದಿರಲಿಲ್ಲ. ಆದರೆ ಅದನ್ನು ತೋರಿಸಲು ಪಾತ್ರ ಸಿಕ್ಕಿತ್ತು. ಆಸ್ಕರ್ ತಂದ ಚಿತ್ರವನ್ನೂ ನಿರ್ದೇಶಕರು ಮೊದಲು ಯೋಚಿಸಿದ್ದು ಜಾಕಿ ಚಾನ್‌ಗಾಗಿ!

ಮಗುವಿಗಾಗಿ ಮೂರು ವರ್ಷ ಕೆಲಸ ಬಿಟ್ಟಿದ್ದ ನನ್ನಕ್ಕನಿಗೆ ಇಂಟರ್‌ವ್ಯೂಗಳಲ್ಲಿ ‘ಗ್ಯಾಪ್ ಯಾಕೆ?’ ಎಂದಷ್ಟೇ ಕೇಳುತ್ತಾರೆ. ಕೋಡ್ ಬರೆಸಿ ನೋಡುವುದಿಲ್ಲ. ಬಿ.ಇ. ಓದುತ್ತಿರುವ ನನಗೂ ನಾಳೆ ಇದೇ ಪ್ರಶ್ನೆ. ಛಲ ನಮ್ಮಲ್ಲಿದೆ, ಅವಕಾಶ ಕೊಡುವವರು ಬೇಕು.